ಕೊಟ್ಟ ಕೈ, ಕಸಿದ ಕೈ

ಭಾರತದ ಯಾತ್ರಾಸ್ಥಳಗಳಲ್ಲಿ, ಕೋಟೆ ಗುಡ್ಡಗಳಲ್ಲಿ, ಘಾಟಿಯ ತಿರುವುಗಳಲ್ಲಿ ಪ್ರಯಾಣಿಕರ ಕೈಯಿಂದ ತಿಂಡಿ ಕಸಿಯುವ ಕೋತಿಗಳು ಮುಖ್ಯವಾಗಿ ಎರಡು ಜಾತಿಯವು. ದಕ್ಷಿಣದಲ್ಲಿ ಕಾಣುವುದು ನೆತ್ತಿಯ ಮೇಲೆ ಟೋಪಿ ಇಟ್ಟಂತೆ ಕೂದಲಿರುವ, ಉದ್ದ ಬಾಲದ ಕೋತಿ. ದಕ್ಷಿಣ ಭಾರತ ಬಿಟ್ಟರೆ ಇದರ ಸಹಜ ನೆಲೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಉತ್ತರದಲ್ಲಿ ಇದರ ಜಾಗದಲ್ಲಿರುವುದು ಕೆಂಪು ಮುಖ, ಗಿಡ್ಡ ಬಾಲದ ರೀಸಸ್ ಕೋತಿ. ಕಪ್ಪು ಮುಖ, ಬೂದು ಮೈಯ ಮುಸುವ ಎರಡೂ ಕಡೆ ಉಂಟು. ಅದು ಹೆಚ್ಚಾಗಿ ಎಲೆ ತಿಂದು ಬದುಕುವ ಪ್ರಾಣಿ. ಎಲೆ ಅರಗಿಸಲು ಅದಕ್ಕೆ ಹಲವು ಕೋಣೆಗಳ ಹೊಟ್ಟೆಯಿದೆ. ಕೊಟ್ಟರೆ ತೆಗೆದುಕೊಳ್ಳುತ್ತದೆ, ಕಸಿಯುವ ಚಾಳಿ ಕಡಿಮೆ. ಸಿಂಗಳೀಕವಂತೂ ಪಶ್ಚಿಮ ಘಟ್ಟದ ಮಳೆಕಾಡಿನ ಮರದ ತುದಿಯಿಂದ ಕೆಳಗಿಳಿಯುವುದೇ ಅಪರೂಪ.

ಕೋತಿಯ ಕಸುಬಿಗೆ ಅದರ ಮೈಕಟ್ಟೇ ನೆರವಾಗುತ್ತದೆ. ಕೆನ್ನೆಯ ಒಳಗೆ ಎರಡೂ ಬದಿ ಚೀಲಗಳಿವೆ. ಸಿಕ್ಕಿದ್ದನ್ನು ಅಗಿಯದೆ ಅಲ್ಲಿ ತುಂಬಿಕೊಂಡು, ಸುರಕ್ಷಿತ ಕೊಂಬೆಯ ಮೇಲೆ ಕೂತು ನಿಧಾನವಾಗಿ ಮೆಲ್ಲಬಹುದು. ಕಾಡಿನಲ್ಲಿ ಬಲಶಾಲಿಗಳ ಕಣ್ಣು ತಪ್ಪಿಸಿ ಹಣ್ಣು ಒಯ್ಯಲು ಬಂದ ಈ ಅನುಕೂಲ, ದೇವಸ್ಥಾನದ ಮೆಟ್ಟಿಲ ಮೇಲೆ ಹಣ್ಣುಕಾಯಿ ಬುಟ್ಟಿಗೂ ಒದಗುತ್ತದೆ. ಇನ್ನೊಂದು ಬಲ ಹಿಂಡಿನದು. ಹೆಣ್ಣುಗಳು ಹುಟ್ಟಿದ ಹಿಂಡಿನಲ್ಲೇ ಉಳಿಯುತ್ತವೆ, ಮರಿಗಳು ತಾಯಿಯನ್ನು ನೋಡಿ ಕಲಿಯುತ್ತವೆ. ಪ್ಲಾಸ್ಟಿಕ್ ಕವರಿನ ಸರಸರ ಸದ್ದಿಗೆ ತಿಂಡಿ ಎಂಬ ಅರ್ಥವಿದೆ ಎಂದು ಒಂದು ಕೋತಿಗೆ ತಿಳಿದರೆ, ಅದು ಆ ಗುಡ್ಡದ ಎಲ್ಲ ಕೋತಿಗಳಿಗೂ ತಿಳಿದಂತೆಯೇ.

ಹಾಗಾಗಿ ಈ ಕಸಿಯಾಟ ಎಲ್ಲ ಕಡೆಯೂ ಒಂದೇ ಬಗೆಯಲ್ಲಿಲ್ಲ, ಊರಿಂದೂರಿಗೆ ಬೇರೆಯಾಗುತ್ತದೆ. ಹಂಪಿಯ ವಿರೂಪಾಕ್ಷನ ಗುಡಿಯ ಸುತ್ತ, ಆನೆಗೊಂದಿಯ ಬಳಿ 575 ಮೆಟ್ಟಿಲುಗಳ ಅಂಜನಾದ್ರಿಯಲ್ಲಿ ಬಾಳೆಹಣ್ಣು, ತೆಂಗಿನಕಾಯಿ ಹೋಳುಗಳ ಮೇಲೆ ಕಣ್ಣು. ಬಾದಾಮಿಯ ಗುಹಾಲಯಗಳ ಮೆಟ್ಟಿಲಲ್ಲಿ, ನಂದಿಬೆಟ್ಟದಲ್ಲಿ ನೀರಿನ ಬಾಟಲಿ, ಬಿಸ್ಕತ್ತು, ತೆರೆದ ಕೈಚೀಲ. ಉತ್ತರ ಪ್ರದೇಶದ ವೃಂದಾವನದಲ್ಲಿ ಕೋತಿಗಳು ತಿನ್ನಲಾಗದ ಕನ್ನಡಕವನ್ನೇ ಕಿತ್ತುಕೊಳ್ಳುತ್ತವೆ. ಗೋಡೆಯ ಮೇಲೆ ಕೂತು, ಕೆಳಗಿನಿಂದ ಯಾರಾದರೂ ಹಣ್ಣಿನ ರಸದ ಪೊಟ್ಟಣ ಎಸೆದಾಗ ಅದನ್ನು ಹಿಡಿದುಕೊಂಡು ಕನ್ನಡಕ ಬಿಡುತ್ತವೆ. ಶಿಮ್ಲಾದ ಜಾಖೂ ಬೆಟ್ಟದಲ್ಲಿ 108 ಅಡಿ ಎತ್ತರದ ಹನುಮಂತನ ವಿಗ್ರಹ ನೋಡಲು ಹೋಗುವವರೂ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು, ಕೈಯಲ್ಲೊಂದು ಕೋಲು ಹಿಡಿದು ಹತ್ತುತ್ತಾರೆ.

ಕನ್ನಡಕ ಕೊಟ್ಟು ತಿಂಡಿ ಪಡೆಯುವುದು ಒಂದು ವ್ಯಾಪಾರ. ಇಂಡೋನೇಷ್ಯಾದ ಬಾಲಿ ದ್ವೀಪದಲ್ಲಿ ಉಲುವಾಟು ದೇವಾಲಯದ ಕೋತಿಗಳೂ ಇದನ್ನೇ ಮಾಡುತ್ತವೆ. ಯಾವ ವಸ್ತುವಿಗೆ ಮನುಷ್ಯ ಹೆಚ್ಚು ತಿಂಡಿ ಕೊಡುತ್ತಾನೆ ಎಂಬುದನ್ನು ಅಲ್ಲಿನ ಬಲಿತ ಕೋತಿಗಳು ಗುರುತಿಸಿಕೊಂಡಿವೆ ಎಂದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಕದ್ದ ಮಾಲಿಗೆ ಒಮ್ಮೆ ಬೆಲೆ ತೆತ್ತವರು ಮುಂದಿನ ಯಾತ್ರಿಕನ ಕನ್ನಡಕಕ್ಕೂ ಬೆಲೆ ಕಟ್ಟಿ ಹೋಗಿರುತ್ತಾರೆ.

ಕೋತಿಯೊಡನೆ ಜಗಳ ತಪ್ಪಿಸಲು ಅದರ ಮುಖದ ಭಾಷೆ ತಿಳಿದಿರಬೇಕು. ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಅದರ ಲೋಕದಲ್ಲಿ ಸವಾಲು. ಹುಬ್ಬು ಮೇಲೆತ್ತಿ, ಬಾಯಿ ದುಂಡಗೆ ತೆರೆದು ಮುಂದಕ್ಕೆ ನುಗ್ಗುವುದು ಬೆದರಿಕೆ. ಹಲ್ಲು ಕಿರಿಯುವುದನ್ನು ಜನ ನಗು ಎಂದುಕೊಳ್ಳುತ್ತಾರೆ. ಅದು ಅಂಜಿಕೆಯ, ಸೋಲೊಪ್ಪುವ ಗುರುತು. ಅಂಜಿದ ಕೋತಿಯೂ ಕಚ್ಚಬಲ್ಲದು. ಮಕ್ಕಳು ಹಲ್ಲು ತೋರಿಸಿ ನಕ್ಕು, ಕಣ್ಣರಳಿಸಿ ನೋಡುವುದು ಅವುಗಳಿಗೆ ಬೇರೆಯೇ ಅರ್ಥ ಕೊಡುವುದರಿಂದ ಚಿಕ್ಕವರನ್ನು ದೊಡ್ಡವರ ಪಕ್ಕದಲ್ಲೇ ನಡೆಸಬೇಕು. ಮರಿ ಹೊತ್ತ ತಾಯಿಯ ಹತ್ತಿರ ಸುಳಿಯಬಾರದು.

ಕಸಿಯುವುದಷ್ಟೇ ಅಲ್ಲ, ಕೋತಿ ಬೇಡುವುದನ್ನೂ ಬಲ್ಲದು. ಬಂಡೀಪುರದ ಕಾಡಿನಲ್ಲಿ ನಡೆದ, 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಲ್ಲಿನ ಕೋತಿಗಳು ಮೆಲುದನಿ ತೆಗೆದು, ಕೈ ಮುಂದೆ ಚಾಚಿ, ಮನುಷ್ಯರ ಕಡೆ ನೋಡುತ್ತ ತಿಂಡಿ ಬೇಡುವುದು ದಾಖಲಾಯಿತು. ಮನುಷ್ಯನ ಗಮನ ತಮ್ಮ ಕಡೆಗಿದೆಯೇ ಎಂದು ನೋಡಿಕೊಂಡೇ ಅವು ಕೈ ಚಾಚುತ್ತಿದ್ದವು. ಮನುಷ್ಯರಿಂದ ತಿಂಡಿ ಪಡೆಯುವುದು ಅವುಗಳ ಬದುಕಿನೊಳಗೆ ಎಷ್ಟು ಆಳವಾಗಿ ಸೇರಿದೆ ಎಂಬುದಕ್ಕೆ ಇದೇ ಸಾಕ್ಷಿ.

ಪ್ರಯಾಣಿಕರ ಎಚ್ಚರ ಗುಡ್ಡದ ಬುಡದಲ್ಲೇ ಶುರುವಾಗಬೇಕು. ತಿಂಡಿಯನ್ನು ವಾಹನದಲ್ಲೇ ಬಿಟ್ಟು ಗಾಜು ಏರಿಸುವುದು ಎಲ್ಲಕ್ಕಿಂತ ಒಳ್ಳೆಯದು. ಒಯ್ಯಲೇಬೇಕಾದ ಹಣ್ಣುಕಾಯಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ತೂಗಾಡಿಸದೆ ಜಿಪ್ ಇರುವ ಬಟ್ಟೆಚೀಲದಲ್ಲಿಟ್ಟು ಎದೆಯ ಕಡೆಗೆ ಹಿಡಿಯಬೇಕು. ಕನ್ನಡಕಕ್ಕೆ ದಾರ ಕಟ್ಟಿಕೊಳ್ಳಬಹುದು. ಕೋತಿ ಹೆಚ್ಚಿರುವ ಕಡೆ ತೆಗೆದಿಡುವುದೇ ಲೇಸು. ಮೊಬೈಲನ್ನು ಕೋತಿಯ ಮುಖದ ಹತ್ತಿರ ಒಡ್ಡಿ ಫೋಟೊ ತೆಗೆಯಬಾರದು. ಕೋತಿ ಎದುರಾದರೆ ಓಡದೆ, ಕಿರುಚದೆ, ನೋಟ ತಗ್ಗಿಸಿ, ಬೆನ್ನು ತಿರುಗಿಸದೆ ಮೆಲ್ಲನೆ ಹಿಂದೆ ಸರಿಯಬೇಕು. ಕೈಯಲ್ಲಿ ಏನೂ ಇಲ್ಲವೆಂದು ಎರಡೂ ಅಂಗೈ ಬಿಡಿಸಿ ತೋರಿಸಿದರೆ ಅದು ಎಷ್ಟೋ ಸಲ ತನ್ನ ಪಾಡಿಗೆ ತಾನು ಹೋಗುತ್ತದೆ. ಕೋಲು ನೆಲಕ್ಕೆ ಕುಟ್ಟಲಷ್ಟೇ ಇರಲಿ. ಕಲ್ಲು ಬೀರಿದರೆ ಹಿಂಡೇ ತಿರುಗಿ ಬೀಳಬಹುದು.

ಕೋತಿ ಹಿಡಿದೇ ಬಿಟ್ಟರೆ ಎಳೆದಾಡಬಾರದು. ಬಿಡಿಸಲಾಗದ ಹಿಡಿತಕ್ಕೆ ಕನ್ನಡದಲ್ಲಿ ಕಪಿಮುಷ್ಟಿ ಎಂಬ ಮಾತು ಸುಮ್ಮನೆ ಬಂದದ್ದಲ್ಲ. ಎಳೆದವರಿಗೆ ಸಿಗುವುದು ಚೀಲವಲ್ಲ, ಉಗುರಿನ ಗೀರು. ತಿಂಡಿಯಾದರೆ ಬಿಟ್ಟುಬಿಡಬೇಕು. ಬೆಲೆಬಾಳುವ ವಸ್ತುವಾದರೆ ದೂರ ನಿಂತು, ಅಲ್ಲಿನ ಅಂಗಡಿಯವರನ್ನೋ ಕಾವಲುಗಾರರನ್ನೋ ಕರೆಯಬೇಕು. ತಿನ್ನಲು ಬಾರದೆಂದು ತಿಳಿದಾಗ ಕೋತಿ ಅನೇಕ ಸಲ ತಾನೇ ಬಿಸಾಡಿ ಹೋಗುತ್ತದೆ.

ಕಚ್ಚಿದರೆ, ಪರಚಿದರೆ, ಗಾಯ ಸಣ್ಣದೆಂದು ಸುಮ್ಮನಿರಬಾರದು. ನಾಯಿಯಂತೆ ಕೋತಿಯಿಂದಲೂ ರೇಬಿಸ್ ಬರಬಹುದು. ಲಕ್ಷಣ ಕಾಣಿಸಿಕೊಂಡ ಮೇಲೆ ಆ ರೋಗದಿಂದ ಬದುಕುಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಕಾಫಿಪುಡಿ ಮೆತ್ತಬಾರದು. ಅಂದೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಶುರು ಮಾಡಿ, ವೈದ್ಯರು ಹೇಳಿದ ದಿನಗಳಲ್ಲಿ ಪೂರ್ತಿ ಮುಗಿಸಬೇಕು. ಮಲೆನಾಡಿಗೆ ಹೋಗುವವರು ಇನ್ನೊಂದು ಮಾತು ನೆನಪಿಡಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಮಂಗ ಕಚ್ಚುವುದರಿಂದ ಬರುವುದಲ್ಲ. ಕಾಡಿನ ಉಣ್ಣೆಯ ಕಡಿತದಿಂದ ಬರುತ್ತದೆ. ಅದೇ ಕಾಯಿಲೆ ಮಂಗಗಳನ್ನೂ ಕೊಲ್ಲುತ್ತದೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಅಥವಾ ಅರಣ್ಯ ಇಲಾಖೆಯವರಿಗೆ ತಿಳಿಸಬೇಕು.

ಇಷ್ಟೆಲ್ಲ ಎಚ್ಚರ ಬೇಕಾಗಿ ಬಂದದ್ದಕ್ಕೆ ಕಾರಣ ಕೋತಿಯೊಂದೇ ಅಲ್ಲ. ಹಿಂದೆ ದಕ್ಷಿಣದ ಹೆದ್ದಾರಿಗಳ ಎರಡೂ ಬದಿ ಆಲ, ಅತ್ತಿ, ಅರಳಿಯ ಸಾಲುಮರಗಳಿದ್ದವು. ಕೋತಿಗಳಿಗೆ ಮನೆಯೂ ಅವೇ, ಊಟವೂ ಅವೇ. ರಸ್ತೆ ಅಗಲವಾದಾಗ ಮರಗಳು ಉರುಳಿದವು. ಮೈಸೂರು ಸುತ್ತಲಿನ ರಸ್ತೆಗಳಲ್ಲಿ ಸುಮಾರು 25 ವರ್ಷಗಳ ಅಂತರದಲ್ಲಿ ನಡೆಸಿದ ಎಣಿಕೆಗಳಲ್ಲಿ ಕೋತಿಗಳ ಸಂಖ್ಯೆ ಅರ್ಧಕ್ಕಿಂತಲೂ ಕೆಳಗಿಳಿದದ್ದು ಕಂಡಿತು. ಗುಡಿ, ಗುಡ್ಡಗಳಲ್ಲಿ ಹಿಂಡು ಹಿಂಡಾಗಿ ಕಾಣುವುದರಿಂದ ಕೋತಿ ಹೆಚ್ಚಾಗಿದೆ ಎಂದು ಜನಕ್ಕೆ ತೋರುತ್ತದೆ. ಆದರೆ ನಾಡಿನ ಟೋಪಿ ಕೋತಿ ಒಟ್ಟಾರೆ ಕಡಿಮೆಯಾಗುತ್ತಿರುವ ಜೀವಿ.

ಉಳಿದದ್ದು ಕೊಡುವ ಕೈಯ ಕೆಲಸ. ಹನುಮಂತನ ಹೆಸರಿನಲ್ಲಿ ಭಕ್ತಿಯಿಂದ ಕೊಟ್ಟ ಬಾಳೆಹಣ್ಣೂ, ಘಾಟಿಯ ತಿರುವಿನಲ್ಲಿ ಕಾರು ನಿಲ್ಲಿಸಿ ಮೋಜಿಗೆ ಎಸೆದ ಚಿಪ್ಸೂ ಕೋತಿಗೆ ಕಲಿಸುವ ಪಾಠ ಒಂದೇ: ಮನುಷ್ಯನ ಕೈಯಲ್ಲಿ ಊಟವಿದೆ. ಆ ಊಟ ಕಾಯುತ್ತ ರಸ್ತೆಯಂಚಿನಲ್ಲಿ ಕೂತ ಕೋತಿಗಳು ಚಕ್ರಕ್ಕೆ ಸಿಕ್ಕಿ ಸಾಯುತ್ತವೆ. ಮರಿಗಳು ಕಾಡಿನ ಹಣ್ಣು ಹುಡುಕುವುದನ್ನೇ ಕಲಿಯದೆ ಬೆಳೆಯುತ್ತವೆ. ಕೋತಿ ತಾನು ತಿಂದು ಮೇಕೆಯ ಮೂತಿಗೆ ಒರೆಸಿತು ಎಂಬ ಗಾದೆ ಕನ್ನಡದಲ್ಲಿದೆ. ಇಲ್ಲಿ ತಿನ್ನಿಸಿದವರು ಮನುಷ್ಯರು, ಕಳ್ಳತನದ ಹೆಸರು ಅಂಟಿದ್ದು ಕೋತಿಯ ಮೂತಿಗೆ. ಆದ್ದರಿಂದ ಚೀಲ ಮುಚ್ಚುವುದು, ಕನ್ನಡಕ ತೆಗೆದಿಡುವುದು ಆ ದಿನದ ಕಾಪು ಮಾತ್ರ. ಎಷ್ಟೇ ಮೆಲ್ಲಗೆ ಬೇಡಿದರೂ ಕೋತಿಗೆ ತಿಂಡಿ ಕೊಡದೆ ಮುಂದೆ ಸಾಗುವುದು ಅದೇ ಮೆಟ್ಟಿಲು ಹತ್ತಿ ಬರುವ ಮುಂದಿನವರಿಗೂ ಕಾಪು, ಆ ಕೋತಿಯ ಮರಿಗಳಿಗೂ ಕಾಪು.