ಕಾದದ್ದಕ್ಕೆ ರಿಯಾಯಿತಿ ಇಲ್ಲ

ಅಜ್ಜಂಪುರದ ಬಳಿ ನೆಲದಡಿ ಸುಮಾರು 7 ಕಿಲೋಮೀಟರ್ ಸುರಂಗ ಕೊರೆದಿದ್ದಾರೆ. ಭದ್ರೆಯ ನೀರನ್ನು ಚಿತ್ರದುರ್ಗದ ಕಡೆಗೆ ಒಯ್ಯುವ ಸುರಂಗ. ಬಂಡೆ ಒಡೆದವರಿದ್ದಾರೆ, ಮಣ್ಣು ತೆಗೆದವರಿದ್ದಾರೆ. ಆಮೇಲೆ ನೀರು ಹರಿಯಿತು. ನಮಗೆ ಅರ್ಥವಾಗುವ ಸುರಂಗ ಇದು.

ಇನ್ನೊಂದು ಸುರಂಗ ಭೌತಶಾಸ್ತ್ರದ ಪುಸ್ತಕದಲ್ಲಿದೆ. ಕಡೂರಿನಲ್ಲಿ ಬಿ.ಎಸ್ಸಿ. ಓದುವಾಗ ಅದನ್ನು ಮೊದಲು ಕೇಳಿದೆವು. ತರೀಕೆರೆ, ಅಜ್ಜಂಪುರದ ಕಡೆಯ ಕೇರಿಗಳಿಂದ ಬರುತ್ತಿದ್ದ ನಾವು ಐದಾರು ಜನ, ಹಿಂದಿನ ಬೆಂಚಿನವರು. "ಗೋಡೆ ಹತ್ತೋ ಶಕ್ತಿ ಇಲ್ದಿದ್ರೂ ಎಲೆಕ್ಟ್ರಾನು ಆಚೆ ಕಡೆ ಸಿಕ್ತದೆ ಕಣ್ರೋ" ಅಂದರು ಮೇಷ್ಟ್ರು. ನಾವು ಮುಖ ಮುಖ ನೋಡಿಕೊಂಡೆವು. ಗೋಡೆ ನಮಗೆ ಹೊಸದಲ್ಲ. ದೇವಸ್ಥಾನದ ಬಾಗಿಲಲ್ಲಿ, ಬಾವಿಯ ಕಟ್ಟೆಯಲ್ಲಿ, ಹೋಟೆಲಿನ ಹೊರಗಿಟ್ಟ ಲೋಟದಲ್ಲಿ ಗಾರೆಯಿಲ್ಲದೆ ಕಟ್ಟಿದ ಗೋಡೆ. ನಮ್ಮ ಕಥೆಯನ್ನೇ ಹೇಳ್ತಿದ್ದಾರೆ ಅಂತ ಖುಷಿಪಟ್ಟೆವು.

ಅದು ಹುಸಿ ಖುಷಿ ಎಂದು ತಿಳಿಯಲು ವರ್ಷಗಳೇ ಹಿಡಿದವು.

ಈ ಸುರಂಗದಲ್ಲಿ ತೂತೇ ಇಲ್ಲ. ಕಣಕ್ಕೆ ಅಲೆಯ ಗುಣವಿದೆ. ಅಲೆ ಗೋಡೆಯೊಳಗೆ ಕ್ಷೀಣಿಸುತ್ತಾ ಹೋಗುತ್ತದೆ. ಆಚೆ ಉಳಿದ ಚೂರಷ್ಟೇ ದಾಟುವ ಸಂಭವ. ಒಂದು ಕಣ ದಾಟಿದರೂ ಗೋಡೆ ಹಾಗೇ ನಿಂತಿರುತ್ತದೆ. ಯುರೇನಿಯಂ ಬೀಜದಿಂದ ಆಲ್ಫಾ ಕಣ ಹೊರಬೀಳುವುದು ಹೀಗೆ ಎಂದು 1928ರಲ್ಲಿ ಗ್ಯಾಮೋ ತೋರಿಸಿದ; ಅದೇ ವರ್ಷ ಗರ್ನಿ ಮತ್ತು ಕಾಂಡನ್ ಕೂಡ. ಯುರೇನಿಯಂ-238 ಅರ್ಧಕ್ಕಿಳಿಯಲು ಸುಮಾರು 450 ಕೋಟಿ ವರ್ಷ ಬೇಕು. ಪೊಲೋನಿಯಂ-212ಕ್ಕೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲೂ ಬೇಡ. ಎರಡರ ಆಲ್ಫಾ ಕಣಗಳ ಶಕ್ತಿಯಲ್ಲಿ ವ್ಯತ್ಯಾಸ ಸುಮಾರು ಎರಡು ಪಟ್ಟು ಮಾತ್ರ. ಶಕ್ತಿ ಹೆಚ್ಚಾದಾಗ ದಾಟಬೇಕಾದ ಗೋಡೆ ತೆಳುವಾಗುತ್ತದೆ. ಗೋಡೆ ತೆಳುವಾದರೆ ಕಾಲ ಇಷ್ಟು ಕುಗ್ಗುತ್ತದೆ!

ದಾಟುವ ಕಣ ಗೋಡೆಯೊಳಗೆ ಎಷ್ಟು ಹೊತ್ತು ಇರುತ್ತದೆ? ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿದ್ದ ಎನ್. ಕುಮಾರ್ ಕೂಡ ಈ ಪ್ರಶ್ನೆಯ ಬೆನ್ನು ಹತ್ತಿದ್ದರು. 2020ರಲ್ಲಿ ಟೊರಾಂಟೋದ ವಿಜ್ಞಾನಿಗಳು ಬೆಳಕಿನ ಗೋಡೆ ಕಟ್ಟಿ, ರುಬಿಡಿಯಂ ಪರಮಾಣುಗಳನ್ನೇ ಗಡಿಯಾರ ಮಾಡಿ ಅಳೆದರು: ಸೆಕೆಂಡಿನ ಸಾವಿರದ ಒಂದು ಪಾಲಿಗಿಂತ ಕಡಿಮೆ. ದಾಟುವ ಕಾಲ ಅಷ್ಟೇ. ನಮ್ಮ ಜನದ ಪ್ರಶ್ನೆ ಬೇರೆ: ಗೋಡೆಯ ಈಚೆ ಕಾಯುವ ಕಾಲ ಎಷ್ಟು?

"ತಡ್ಕಳ್ರಪ್ಪ, ಕಾಲ ಬದ್ಲಾಗ್ತದೆ" ಎಂದು ಊರ ಹಿರಿಯರು ನಮ್ಮಪ್ಪಂದಿರಿಗೆ ಹೇಳಿದರು. ನಮಗೂ ಹೇಳಿದರು. ಯುರೇನಿಯಂ ಕಲಿಸಿದ ಪಾಠ ಕೇಳಿ, ಗೆಳೆಯರೇ: ನೂರು ಕೋಟಿ ವರ್ಷ ಕಾದ ಪರಮಾಣುವಿಗೂ ನಿನ್ನೆ ಹುಟ್ಟಿದ್ದಕ್ಕೂ ನಾಳೆ ದಾಟುವ ಸಂಭವ ಒಂದೇ. ಕಾದದ್ದಕ್ಕೆ ರಿಯಾಯಿತಿ ಇಲ್ಲ. ಕಾಲ ಗೋಡೆಯನ್ನು ಸವೆಸುವುದಿಲ್ಲ.

ನಮ್ಮ ಬೆಂಚಿನವನೊಬ್ಬ ಉಪನ್ಯಾಸಕನಾದ. ಜಯಂತಿಯ ವೇದಿಕೆಗಳಲ್ಲಿ ಅವನನ್ನು ತೋರಿಸಿ, "ಇವರು ದಾಟ್ಲಿಲ್ವಾ?" ಅನ್ನುತ್ತಾರೆ. ಬಾಡಿಗೆ ಮನೆ ಕೇಳಲು ಹೋದಾಗ ಅವನಿಗೆ ಸಿಕ್ಕ ಮೊದಲ ಮಾತು, "ನೀವು ಯಾವ ಜನ?" ನಾವೂ ಜೊತೆಯಲ್ಲಿದ್ದೆವು. ಮನೆ ಸಿಗಲಿಲ್ಲ. ಒಬ್ಬ ದಾಟಿದ್ದು ಗೋಡೆ ಇಲ್ಲವೆಂಬುದಕ್ಕೆ ಸಾಕ್ಷಿಯಲ್ಲ.

1927ರಲ್ಲಿ ಮಹಾಡಿನ ಚವದಾರ್ ಕೆರೆಗೆ ಬಾಬಾಸಾಹೇಬರು ಒಬ್ಬರೇ ಇಳಿಯಲಿಲ್ಲ. ಸಾವಿರಾರು ಜನ ಜೊತೆಗೆ ನಡೆದರು. ಆವತ್ತು ಅವರು ಹಾಕಿದ ಪೆಟ್ಟು ಗೋಡೆಗೇ ಬಿತ್ತು.

ಹಳ್ಳಿ ಶಾಲೆಯ ಮೇಷ್ಟ್ರುಗಳೇ, ಈ ಪಾಠ ಮಾಡುವಾಗ ದಾಟಿದ ಕಣವನ್ನಷ್ಟೇ ತೋರಿಸಬೇಡಿ. ಗೋಡೆಯ ದಪ್ಪವನ್ನೂ ಕೇಳಿಸಿ. ಅಜ್ಜಂಪುರದಲ್ಲಿ ಬಂಡೆ ಒಡೆದವರು ಅದರ ಮುಂದೆ ಕೂತು ಸಂಭವದ ಲೆಕ್ಕ ಹಾಕಲಿಲ್ಲ.