ನಂಬರ್ 43

ದಿನಾ ಬೆಳಿಗ್ಗೆ ಹಾಜರಿ ಕರೆದೇ ನನ್ನ ಪಾಠ ಶುರುವಾಗುವುದು. ಶಿವಮೊಗ್ಗದ ಪದವಿಪೂರ್ವ ಕಾಲೇಜೊಂದರಲ್ಲಿ ಲೆಕ್ಕಶಾಸ್ತ್ರ ಕಲಿಸುತ್ತ ಮೂವತ್ತು ವರ್ಷ ದಾಟಿತು. ಮಕ್ಕಳ ಹೆಸರು ಕರೆಯುತ್ತಿರುವಾಗ ಒಮ್ಮೊಮ್ಮೆ ತಲೆಯೊಳಗೆ ಇನ್ನೊಂದು ಪಟ್ಟಿ ಬಿಚ್ಚಿಕೊಳ್ಳುತ್ತದೆ. ಅದು ಉಡುಪಿಯದು, 1988ರ ಅಂತಿಮ ಬಿ.ಕಾಂ. ತರಗತಿಯದು. ಒಟ್ಟು ಅರವತ್ತೊಂದು ಮಂದಿ, ಅವರಲ್ಲಿ ಹತ್ತೊಂಬತ್ತು ಹುಡುಗಿಯರು. ನಮ್ಮ ಸರ್ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ನಂಬರ್ ಕರೆಯುತ್ತಿದ್ದರು. ಹಾಗಾಗಿ ಎಷ್ಟೋ ಜನರ ಇನಿಶಿಯಲ್ ಮರೆತುಹೋಗಿದ್ದರೂ ನಂಬರು ಮರೆತಿಲ್ಲ.

ಕಳೆದ ಡಿಸೆಂಬರಿನಲ್ಲಿ ಎಲ್ಲರೂ ಉಡುಪಿಯಲ್ಲಿ ಸೇರೋಣವೆಂದು ನಂಬರ್ 12 ಹೊರಟ. ಅವನು ಆಗಲೂ ಹಾಗೆಯೇ. ಪ್ರವಾಸದ ದುಡ್ಡು ಒಟ್ಟುಮಾಡುವುದು, ಬಸ್ಸು ಗೊತ್ತುಮಾಡುವುದು ಎಲ್ಲ ಅವನದೇ. ನಾನು ತೀರ್ಥಹಳ್ಳಿ ದಾರಿಯಾಗಿ ಆಗುಂಬೆ ಘಾಟಿ ಇಳಿದು ಹೋದೆ. ಸೋಮೇಶ್ವರ ದಾಟಿ ಸೆಕೆ ಮೈಗೆ ತಾಗಿದಾಗ ಊರು ಬಂತೆಂದು ಗೊತ್ತಾಯಿತು. ಬಸ್ಸಿನಲ್ಲಿ ಹಿಂದಿನ ಸೀಟಿನವರು ತುಳುವಿನಲ್ಲಿ ಗಟ್ಟಿಯಾಗಿ ಮಾತಾಡುತ್ತಿದ್ದರು. ಅಷ್ಟಕ್ಕೇ ನನ್ನ ಕಣ್ಣು ತುಂಬಿತು.

ಬಂದವರಲ್ಲಿ ಬ್ಯಾಂಕಿನವರೇ ಹೆಚ್ಚು. ನಮ್ಮ ಕಾಲದ ದಕ್ಷಿಣ ಕನ್ನಡದಲ್ಲಿ ಬಿ.ಕಾಂ. ಓದುವುದೆಂದರೆ ಬ್ಯಾಂಕಿನ ಕೌಂಟರನ್ನು ಕಣ್ಣಮುಂದೆ ಇಟ್ಟುಕೊಂಡು ಓದುವುದು. ಕಾರ್ಪೊರೇಶನ್ ಬ್ಯಾಂಕು 1906ರಲ್ಲಿ, ಸಿಂಡಿಕೇಟ್ 1925ರಲ್ಲಿ, ಎರಡೂ ಉಡುಪಿಯಲ್ಲೇ ಹುಟ್ಟಿದವು. ವಿಜಯಾ ಬ್ಯಾಂಕು 1931ರಲ್ಲಿ ಮಂಗಳೂರಿನಲ್ಲಿ. ಮನೆಮನೆಗೆ ಬಂದು ದಿನಕ್ಕೆ ಎರಡಾಣೆಯಂತೆ ಒಟ್ಟುಮಾಡುವ ಪಿಗ್ಮಿಯನ್ನು ಸಿಂಡಿಕೇಟಿನವರು 1928ರಲ್ಲೇ ಶುರುಮಾಡಿದ್ದರು. ನಮ್ಮ ಓಣಿಗೆ ಬರುತ್ತಿದ್ದ ಪಿಗ್ಮಿ ಏಜೆಂಟರಿಗೆ ನನ್ನ ಅಮ್ಮ ಮಜ್ಜಿಗೆ ಕೊಡದೆ ಕಳಿಸಿದ್ದಿಲ್ಲ. ಬ್ಯಾಂಕಿನ ನೇಮಕಾತಿ ಪರೀಕ್ಷೆಗೆ ಹದಿನೆಂಟು ಜನ ಒಟ್ಟಿಗೆ ಕೂತಿದ್ದೆವು. ಹತ್ತು ಜನರಿಗೆ ಸಿಕ್ಕಿತು, ನನಗೆ ಸಿಗಲಿಲ್ಲ. ನಾನು ಮಂಗಳಗಂಗೋತ್ರಿಯ ವಿಶ್ವವಿದ್ಯಾಲಯಕ್ಕೆ ಎಂ.ಕಾಂ. ಓದಲು ಹೋದೆ.

ಆ ಹತ್ತು ಜನ ಕೈಬರಹದ ಲೆಡ್ಜರಿನ ಕಾಲದಲ್ಲಿ ಸೇರಿದವರು. ವರ್ಷಾಂತ್ಯದ ಬ್ಯಾಲೆನ್ಸಿಂಗ್ ಎಂದರೆ ರಾತ್ರಿ ಹನ್ನೊಂದರ ತನಕ ಕೂತು, ಮೂರು ರೂಪಾಯಿ ವ್ಯತ್ಯಾಸ ಹುಡುಕಿ, ಸಿಕ್ಕಿದ ಮೇಲೆ ಎಲ್ಲರೂ ಒಟ್ಟಿಗೆ ಚಾ ಕುಡಿದು ಮನೆಗೆ ಹೋಗುವುದು. ಕಂಪ್ಯೂಟರು ಬಂತು, ಕಲಿತರು. ಬಿಹಾರಕ್ಕೆ, ಒಡಿಶಾಕ್ಕೆ ವರ್ಗವಾಯಿತು, ಹೋದರು. ಆದರೆ ಬ್ಯಾಂಕೇ ಇಲ್ಲವಾದದ್ದನ್ನು ಹೇಳುವಾಗ ಅವರ ದನಿ ತಗ್ಗಿತು. ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದೊಳಗೆ ಹೋಯಿತು. ಮರುವರ್ಷ ಅದೇ ದಿನ ಸಿಂಡಿಕೇಟು ಕೆನರಾದೊಳಗೆ, ಕಾರ್ಪೊರೇಶನ್ನು ಯೂನಿಯನ್ ಬ್ಯಾಂಕಿನೊಳಗೆ. ಅದು ಲಾಕ್‌ಡೌನಿನ ಎರಡನೆಯ ವಾರ. "ರಸ್ತೆಯಲ್ಲಿ ಒಂದು ಜನ ಇಲ್ಲ. ಬೀಗದ ಕೈ ಹಿಡಿದು ಶಾಖೆಯ ಎದುರು ನಿಂತೆ. ಯಾರ ಹತ್ತಿರ ಹೇಳುವುದು?" ಎಂದ ನಂಬರ್ 31. ಹಳೆಯ ಗುರುತಿನ ಚೀಟಿಯನ್ನು ಅವನು ಇನ್ನೂ ಕಿಸೆಯಲ್ಲಿ ಇಟ್ಟುಕೊಂಡಿದ್ದಾನೆ. ನಾವೆಲ್ಲ ಅದನ್ನು ಒಬ್ಬರಿಂದ ಒಬ್ಬರು ಕೈಗೆ ತೆಗೆದುಕೊಂಡು ನೋಡಿದೆವು. ಫೋಟೋದಲ್ಲಿ ಅವನಿಗೆ ಇಪ್ಪತ್ತೆರಡು ವರ್ಷ.

ನಂಬರ್ 9 ಕುವೈತಿಗೆ ಹೋದವನು. ಹೋಗಿ ವರ್ಷ ತುಂಬುವ ಮೊದಲೇ, 1990ರ ಆಗಸ್ಟ್ 2ರಂದು, ಇರಾಕಿನ ಸೈನ್ಯ ಒಳಗೆ ಬಂತು. ಆ ಸಲ ಏರ್ ಇಂಡಿಯಾ ಜೋರ್ಡಾನಿನ ಅಮ್ಮಾನಿನಿಂದ ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಕರೆತಂದಿತಲ್ಲ, ಅವರಲ್ಲಿ ಇವನೊಬ್ಬ. ಬಸ್ಸಿನಲ್ಲಿ ಮರುಭೂಮಿ ದಾಟಿ, ಡೇರೆಯಲ್ಲಿ ಮಲಗಿ, ಕೈಯಲ್ಲಿ ಒಂದು ಚೀಲ ಹಿಡಿದು ಬಂದನಂತೆ. ಅವನ ಅಮ್ಮ ಅಷ್ಟು ದಿನವೂ ರೇಡಿಯೋದ ಪಕ್ಕದಲ್ಲೇ ಚಾಪೆ ಹಾಸಿಕೊಂಡಿದ್ದರಂತೆ. ಮತ್ತೆ ದುಬೈಗೆ ಹೋಗಿ ಇಪ್ಪತ್ತು ವರ್ಷ ದುಡಿದು, ಈಗ ಶಂಕರಪುರದ ಹತ್ತಿರ ಮಲ್ಲಿಗೆ ಬೆಳೆಯುತ್ತಾನೆ. ಕಟ್ಟಿದ ಹೂವಿನ ನಾಲ್ಕು ಚೆಂಡಿಗೆ ಒಂದು ಅಟ್ಟೆ, ದರ ದಿನಾ ಬದಲು. ಆ ದರದ ವಿಷಯ ಹೇಳುವಾಗ ಅವನ ಮುಖದಲ್ಲಿ ಬಂದ ಕಳೆ ದುಬೈಯನ್ನು ಹೇಳುವಾಗ ಇರಲಿಲ್ಲ.

ಇನ್ನೊಬ್ಬ ಬೊಂಬಾಯಿಗೆ ಹೋಗಿ ಮಾವನ ಹೋಟೆಲಿನ ಗಲ್ಲಾ ಹಿಡಿದ. ಇಬ್ಬರು ಸಿ.ಎ. ಮುಗಿಸಿದರು. ನಾಲ್ವರು ಈಗಿಲ್ಲ. ಅವರ ನಂಬರುಗಳನ್ನು 12 ನಿಧಾನವಾಗಿ ಓದಿದ. ಪ್ರತಿ ನಂಬರಿಗೂ ನಾವೆಲ್ಲ ಒಟ್ಟಾಗಿ "ಪ್ರೆಸೆಂಟ್ ಸರ್" ಎಂದೆವು. ಯಾರೂ ಮೊದಲೇ ಮಾತಾಡಿಕೊಂಡದ್ದಲ್ಲ.

ನನಗೆ ಹೇಳಬೇಕಾದದ್ದು ಹುಡುಗಿಯರ ವಿಷಯ. ಹುಡುಗರಲ್ಲಿ ಯಾರು ಎಲ್ಲಿದ್ದಾರೆಂದು ಇಬ್ಬರಿಗೆ ಫೋನ್ ಮಾಡಿದರೆ ಗೊತ್ತಾಗುತ್ತಿತ್ತು. ಹತ್ತೊಂಬತ್ತು ಹುಡುಗಿಯರಲ್ಲಿ ಬಂದದ್ದು ಏಳು ಜನ. ಉಳಿದವರ ಹೆಸರಿನ ಹಿಂದುಮುಂದು ಬದಲಾಗಿತ್ತು, ಮನೆ ಬದಲಾಗಿತ್ತು, ತವರಿನ ಬಾಗಿಲು ಮುಚ್ಚಿತ್ತು. ಅವರಲ್ಲಿ ನಂಬರ್ 43 ಸಿಗದೆ ನನಗೆ ಸಮಾಧಾನವಾಗಲಿಲ್ಲ.

ಅವಳು ಕಾರ್ಕಳದ ಕಡೆಯಿಂದ ಬೆಳಗಿನ ಮೊದಲ ಬಸ್ಸಿನಲ್ಲಿ ಬರುತ್ತಿದ್ದಳು. ಮನೆಯಲ್ಲಿ ಅಮ್ಮ, ಅಕ್ಕ, ಇವಳು, ಮೂವರೂ ಬೀಡಿ ಕಟ್ಟುವವರು. ತಡ್ಪೆಯನ್ನು, ಅಂದರೆ ಮೊರವನ್ನು, ಮಡಿಲಲ್ಲಿಟ್ಟುಕೊಂಡು, ಒದ್ದೆ ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತಿ, ಸಾವಿರದ ಲೆಕ್ಕದಲ್ಲಿ ಬೀಡಿ ಬ್ರಾಂಚಿಗೆ ಕೊಡಬೇಕು. ಅವಳ ಕಾಲೇಜು ಫೀಸು ಆ ಸಾವಿರಗಳಿಂದಲೇ ಬಂದದ್ದು. ಅವಳು ಪಕ್ಕ ಕೂತರೆ ಪುಸ್ತಕಕ್ಕೂ ಹೊಗೆಸೊಪ್ಪಿನ ವಾಸನೆ. ಲೆಕ್ಕದಲ್ಲಿ ಮಾತ್ರ ಅವಳ ಮುಂದೆ ಯಾರೂ ಇಲ್ಲ. ಒಂದು ಸಲ ನನ್ನ ತಾಳೆಪಟ್ಟಿಯ ಎರಡು ಬದಿ 90 ರೂಪಾಯಿಯಿಂದ ತಪ್ಪಿತ್ತು. ಅಳು ಬರುವಂತಾಗಿತ್ತು. ಅವಳು ಬಗ್ಗಿ ನೋಡಿ, "ಒಂಬತ್ತರಿಂದ ಭಾಗ ಹೋಗ್ತದೆ. ಅಂಕೆ ಹಿಂದುಮುಂದು ಬರೆದಿದ್ದಿ" ಎಂದಳು. ಹೌದು, 540 ಎಂದು ಬರೆಯಬೇಕಾದಲ್ಲಿ 450 ಬರೆದಿದ್ದೆ. ಪಕ್ಕಪಕ್ಕದ ಎರಡು ಅಂಕೆ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ ಒಂಬತ್ತರ ಗುಣಕವೇ ಆಗಿರುತ್ತದೆ. ನನಗದು ಅಲ್ಲಿಯವರೆಗೆ ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ. ಪ್ರತಿ ವರ್ಷ ಆಗಸ್ಟಿನಲ್ಲಿ ಆ ಪಾಠ ಬಂದಾಗ ನನ್ನ ಮಕ್ಕಳಿಗೆ ಇದನ್ನು ಹೇಳಿಕೊಡುತ್ತೇನೆ. ಅವರು ಬೆರಗಾಗಿ ನೋಡುತ್ತಾರೆ. ಆ ಬೆರಗು ನನಗೆ ಸಲ್ಲಬೇಕಾದದ್ದಲ್ಲ ಎಂಬುದು ಪ್ರತಿ ಸಲವೂ ಮನಸ್ಸಿಗೆ ಬರುತ್ತದೆ.

ಅವಳೂ ಬ್ಯಾಂಕ್ ಪರೀಕ್ಷೆ ಪಾಸಾಗಿದ್ದಳು. ಸಂದರ್ಶನದ ವಾರವೇ ಮದುವೆ ಗೊತ್ತಾಯಿತೆಂದು ಆಮೇಲೆ ತಿಳಿಯಿತು.

12ರ ಅತ್ತಿಗೆಯ ನೆಂಟರ ಮೂಲಕ ಅಂತೂ ಜನವರಿಯಲ್ಲಿ ಫೋನ್ ನಂಬರ್ ಸಿಕ್ಕಿತು. "ಎಂತ ಮಾಡ್ತಿದ್ದಿ ಈಗ?" ಎಂದು ಕೇಳಿದೆ. ಕೇಳಿದೊಡನೆ ನಾಲಗೆ ಕಚ್ಚಿಕೊಂಡೆ.

"ಎಂತ ಇಲ್ಲ ಮಾರಾಯ್ತಿ, ಮನೆಯಲ್ಲೇ" ಎಂದಳು.

ಮಾತು ಮುಂದುವರಿದಂತೆ ಒಂದೊಂದೇ ಹೊರಬಂತು. ಗಂಡನ ತೋಟ. ಮಗಳು ನರ್ಸು, ಮಗ ಬೆಂಗಳೂರಿನಲ್ಲಿ. ಸ್ತ್ರೀಶಕ್ತಿ ಯೋಜನೆ ಬಂದ ಹೊಸತರಲ್ಲಿ ಊರಿನ ಹೆಂಗಸರು ಸಂಘ ಕಟ್ಟಿದಾಗ ಪುಸ್ತಕ ಬರೆಯಲು ಇವಳನ್ನು ಕರೆದರು. ಅಂದಿನಿಂದ ಇಪ್ಪತ್ತನಾಲ್ಕು ವರ್ಷ, ಈಗ ಒಂಬತ್ತು ಸಂಘಗಳ ಲೆಕ್ಕ ಇವಳ ಕೈಯಲ್ಲಿ. ಉಳಿತಾಯ, ಸಾಲ, ಬಡ್ಡಿ, ಎಲ್ಲ. ಯಾರಿಗೆ ಮಗಳ ಫೀಸಿಗೆ ಬೇಕು, ಯಾರಿಗೆ ದನ ಕೊಳ್ಳಲಿಕ್ಕೆ ಬೇಕು ಎಂಬುದು ಬಾಯಿಪಾಠ. ಬ್ಯಾಂಕಿನ ಸಾಲ ಕಂತು ತಪ್ಪದೆ ತೀರಿದೆ. ಇದನ್ನೆಲ್ಲ ಅವಳು ಕೆಲಸವೆಂದು ಹೇಳಲಿಲ್ಲ, "ಅದೊಂದು ಸ್ವಲ್ಪ ಉಂಟು" ಎಂದಳು. ನನಗೆ ಗಂಟಲು ಕಟ್ಟಿತು. ಅರವತ್ತೊಂದು ಜನರಲ್ಲಿ ಸರ್ ಕಲಿಸಿದ ಜಮಾಖರ್ಚನ್ನು ಇಷ್ಟು ಮನೆಗಳ ಒಲೆಯ ಹತ್ತಿರಕ್ಕೆ ಒಯ್ದವರು ಬೇರೆ ಯಾರೂ ಇಲ್ಲ.

ಒಂಬತ್ತರ ವಿಷಯ ಹೇಳಿದೆ. ಮೂವತ್ತು ವರ್ಷ, ವರ್ಷಕ್ಕೆ ಎಂಬತ್ತು ಮಕ್ಕಳು, ಎಲ್ಲರಿಗೂ ನೀನು ಹೇಳಿದ್ದನ್ನೇ ಹೇಳಿಕೊಟ್ಟಿದ್ದೇನೆ ಎಂದೆ. ಬರುವ ಆಗಸ್ಟಿನಲ್ಲಿ ನಿನ್ನ ಹೆಸರನ್ನೂ ಹೇಳುತ್ತೇನೆ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಹಿಂದೆ ಎಲ್ಲೋ ಕೋಳಿ ಕೂಗಿತು.

"ಎರಡರಿಂದ ಭಾಗಿಸುವುದು ಹೇಳಿದ್ದಿಯಾ ಅವರಿಗೆ?" ಎಂದಳು ಆಮೇಲೆ. "ವ್ಯತ್ಯಾಸದ ಅರ್ಧ ಎಲ್ಲಿಯಾದರೂ ತಪ್ಪು ಬದಿಗೆ ಬಿದ್ದಿದೆಯಾ, ಅದನ್ನು ಮೊದಲು ನೋಡಬೇಕು. ಒಂಬತ್ತು ಅದರ ನಂತರ."