ನಮ್ಮೂರಲ್ಲಿ ಇದು ಬರಲ್ಲ ಅಂತ ಹೇಳೋರು ಯಾರು?

2025ರ ಸೆಪ್ಟೆಂಬರ್ 23ರ ರಾತ್ರಿ, ಕೆಲವು ದಿನ ನಿಂತಿದ್ದ ಜಿಮ್ಮಿ ಕಿಮ್ಮೆಲ್ ಟಾಕ್ ಶೋ ಅಮೆರಿಕದ ಎಬಿಸಿ ನೆಟ್‌ವರ್ಕ್‌ನಲ್ಲಿ ಮತ್ತೆ ಶುರುವಾಯ್ತು. ಆದರೆ ಸಿಯಾಟಲ್‌ನಲ್ಲಿ, ರಾಜಧಾನಿ ವಾಷಿಂಗ್ಟನ್‌ನಲ್ಲಿ ಎಬಿಸಿ ಚಾನೆಲ್ ಹಾಕಿದವರಿಗೆ ಆ ಹೊತ್ತಿನಲ್ಲಿ ಕಂಡದ್ದು ಸುದ್ದಿ. ಚಾನೆಲ್ ಅದೇ, ಸಮಯ ಅದೇ, ಶೋ ಮಾತ್ರ ಇಲ್ಲ.

ನಮಗಿದು ಸ್ವಲ್ಪ ವಿಚಿತ್ರ ಅನ್ಸುತ್ತೆ. ನಮ್ಮ ಧಾರಾವಾಹಿಗಳು ಬೀದರ್‌ನಲ್ಲೂ ಚಾಮರಾಜನಗರದಲ್ಲೂ ಒಂದೇ ಕ್ಷಣಕ್ಕೆ ಬರುತ್ತವೆ. 'ಇವತ್ತಿನ ಎಪಿಸೋಡ್ ಹುಬ್ಬಳ್ಳಿಯಲ್ಲಿ ಬೇಡ' ಅನ್ನೋಕೆ ನಡುವೆ ಯಾರೂ ಇಲ್ಲ. ಅಮೆರಿಕದಲ್ಲಿ ಇದ್ದಾರೆ. ಅಲ್ಲಿ ನೆಟ್‌ವರ್ಕ್ ಕಾರ್ಯಕ್ರಮ ಕಳಿಸುತ್ತೆ, ಮನೆಮನೆಗೆ ಮುಟ್ಟಿಸೋದು ಆಯಾ ಊರಿನ ಸ್ಟೇಷನ್. ಇಂಥ ಇನ್ನೂರಕ್ಕೂ ಹೆಚ್ಚು ಸ್ಟೇಷನ್‌ಗಳು ಎಬಿಸಿ ಜೊತೆಗಿವೆ. ಅದರಲ್ಲಿ ಎಬಿಸಿಯ ಸ್ವಂತದ್ದು ಬೆರಳೆಣಿಕೆಯಷ್ಟು. ಉಳಿದವು ಬೇರೆಯವರ ಆಸ್ತಿ, ಒಪ್ಪಂದದ ಮೇಲೆ ನಡೆಯುತ್ತವೆ. ಲೈಸೆನ್ಸ್ ಸ್ಟೇಷನ್ ಹೆಸರಲ್ಲಿರೋದ್ರಿಂದ ತನ್ನ ಊರಿನ ಹಿತಕ್ಕೆ ಜವಾಬ್ದಾರಿಯೂ ಅದರದ್ದೇ. ಹಾಗಾಗಿ ನೆಟ್‌ವರ್ಕ್ ಕಳಿಸಿದ್ದನ್ನು ಬೇಡ ಅನ್ನೋ ಹಕ್ಕನ್ನು ಅಲ್ಲಿನ ಪ್ರಸಾರ ನಿಯಂತ್ರಣ ಆಯೋಗ ಎಫ್‌ಸಿಸಿಯ ನಿಯಮಗಳೇ ಸ್ಟೇಷನ್‌ಗೆ ಕೊಟ್ಟಿವೆ. ಇದಕ್ಕೆ ಪ್ರೀಎಂಪ್ಷನ್ ಅಂತಾರೆ. ನಮ್ಮ ಕೋಡಿಂಗ್ ಭಾಷೆಯಲ್ಲಿ ಹೇಳೋದಾದ್ರೆ, ಚೈಲ್ಡ್ ಕ್ಲಾಸ್ ಪೇರೆಂಟ್ ಕ್ಲಾಸನ್ನು ಓವರ್‌ರೈಡ್ ಮಾಡೋ ಹಾಗೆ.

ಈ ಹಕ್ಕಿನ ಒಳ್ಳೆಯ ಮುಖವನ್ನು ನಾನೇ ನೋಡಿದ್ದೀನಿ. ಪ್ರಾಜೆಕ್ಟ್ ಕೆಲಸಕ್ಕೆ ಡಲ್ಲಾಸ್‌ನಲ್ಲಿದ್ದಾಗ ಒಂದು ಸಂಜೆ ರೂಮ್‌ಮೇಟ್‌ಗಳೆಲ್ಲ ಕೂತು ನೋಡುತ್ತಿದ್ದ ಶೋ ಪಟ್ಟನೆ ನಿಂತಿತು. ತೋಳು ಮಡಚಿದ ಶರ್ಟಿನ ಹವಾಮಾನದ ಮನುಷ್ಯ ನಕ್ಷೆಯ ಮುಂದೆ ನಿಂತು, ಸುಂಟರಗಾಳಿ ಯಾವ ರಸ್ತೆ ದಾಟಿದೆ, ಮುಂದೆ ಯಾವ ಬಡಾವಣೆಗೆ ಎಷ್ಟು ಹೊತ್ತಿಗೆ ಬರುತ್ತೆ ಅಂತ ಹೇಳುತ್ತಲೇ ಹೋದ. ಮುಕ್ಕಾಲು ಗಂಟೆ! ಶೋ ಹೋಯ್ತಲ್ಲ ಅಂತ ಒಬ್ಬ ಗೊಣಗಿದ. ಆದರೆ ನ್ಯೂಯಾರ್ಕ್‌ನಲ್ಲಿ ಕೂತವರಿಗೆ ನಮ್ಮ ಅಪಾರ್ಟ್‌ಮೆಂಟ್ ಹಿಂದಿನ ರಸ್ತೆಯ ಹೆಸರು ಗೊತ್ತಿರೋಕೆ ಸಾಧ್ಯವೇ ಇಲ್ಲ. ಊರಿನ ಸ್ಟೇಷನ್ ಇರಬೇಕಾದ್ದು ಇದಕ್ಕೇ ಅಂತ ಅವತ್ತು ಅನ್ನಿಸಿತ್ತು.

ಆಮೇಲೆ ಮಿಸಿಸಿಪ್ಪಿ ರಾಜ್ಯದ ಜ್ಯಾಕ್ಸನ್ ನಗರದ ಕಥೆ ಓದಿದೆ. ಅಲ್ಲಿನ ಡಬ್ಲ್ಯುಎಲ್‌ಬಿಟಿ, ಎನ್‌ಬಿಸಿ ನೆಟ್‌ವರ್ಕ್‌ನ ಸ್ಟೇಷನ್. 1955ರಲ್ಲಿ ಕಪ್ಪುಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ವಕೀಲ ಥರ್ಗುಡ್ ಮಾರ್ಷಲ್ ಎನ್‌ಬಿಸಿಯಲ್ಲಿ ಕಾಣಿಸಿಕೊಂಡಾಗ, ಆ ಸ್ಟೇಷನ್ ಪ್ರಸಾರ ಕಡಿದು 'ಕ್ಷಮಿಸಿ, ಕೇಬಲ್ ತೊಂದರೆ' ಅನ್ನೋ ಫಲಕ ಹಾಕಿತು. ಕೇಬಲ್‌ಗೆ ಏನೂ ಆಗಿರಲಿಲ್ಲ. ಊರಿನ ಹಿತ ಅನ್ನೋ ಮಾತಲ್ಲಿ 'ಊರು' ಅಂದ್ರೆ ಅಲ್ಲಿ ಬಿಳಿಯರು ಮಾತ್ರ. ಆ ಪ್ರದೇಶದ ಸುಮಾರು 45% ಜನ ಕಪ್ಪುಜನರು. ಅವರು ಊರಿನ ಲೆಕ್ಕದಲ್ಲೇ ಇರಲಿಲ್ಲ.

ಸುಮ್ಮನೆ ಬಿಡಲಿಲ್ಲ ಅನ್ನೋದು ಸಮಾಧಾನ. ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್‌ನ ಎವರೆಟ್ ಪಾರ್ಕರ್ 1964ರಲ್ಲಿ ಊರಿನ ಸ್ವಯಂಸೇವಕರನ್ನು ಕೂರಿಸಿ, ಆ ಸ್ಟೇಷನ್ ಏನು ತೋರಿಸುತ್ತೆ ಅಂತ ಒಂದು ವಾರ ಬರೆಸಿದರು. ಅದನ್ನಿಟ್ಟುಕೊಂಡು ಸ್ಟೇಷನ್‌ನ ಲೈಸೆನ್ಸ್ ಪ್ರಶ್ನಿಸಿದರು. ಹಾಗೆ ಪ್ರಶ್ನಿಸೋಕೆ ವೀಕ್ಷಕರಿಗೆ ಹಕ್ಕೇ ಇಲ್ಲ ಅಂತ ಎಫ್‌ಸಿಸಿ ಹೇಳಿತು. ಇದೆ ಅಂತ 1966ರಲ್ಲಿ ಕೋರ್ಟ್ ಹೇಳಿತು. 1969ರಲ್ಲಿ ಕೋರ್ಟ್ ಆ ಲೈಸೆನ್ಸ್ ನವೀಕರಣವನ್ನೇ ರದ್ದು ಮಾಡಿತು. 1972ರಲ್ಲಿ ಅದೇ ಸ್ಟೇಷನ್‌ನ ಮ್ಯಾನೇಜರ್ ಕುರ್ಚಿಯಲ್ಲಿ ವಿಲಿಯಂ ಡಿಲ್‌ಡೇ ಅನ್ನೋ ಕಪ್ಪುಜನಾಂಗದ ವ್ಯಕ್ತಿ ಕೂತರು.

1997ರಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲೂ ಹೀಗೇ. 'ಎಲೆನ್' ಧಾರಾವಾಹಿಯ ನಾಯಕಿ ತಾನು ಸಲಿಂಗಿ ಅಂತ ಹೇಳಿಕೊಳ್ಳೋ ಎಪಿಸೋಡನ್ನು ಊರಿನ ಎಬಿಸಿ ಸ್ಟೇಷನ್ ಹಾಕಲ್ಲ ಅಂದಿತು. ಊರಿನವರೇ ಸ್ಯಾಟಲೈಟ್ ಸಂಪರ್ಕ ಮಾಡಿಸಿ, ದೊಡ್ಡ ಸಭಾಂಗಣ ಹಿಡಿದು, ಸಾವಿರಕ್ಕೂ ಹೆಚ್ಚು ಜನ ಒಟ್ಟಿಗೆ ಕೂತು ನೋಡಿದರು. ಈ ಊರಿಗೆ ಇದು ಬೇಡ ಅಂತ ಸ್ಟೇಷನ್ ಹೇಳಿತ್ತು. ಬೇಕು ಅಂದವರೂ ಅದೇ ಊರಿನವರು.

ಈಗಿನ ಸಮಸ್ಯೆ ಇನ್ನೊಂದು ಥರ. ಊರಿನ ಸ್ಟೇಷನ್‌ಗಳನ್ನೆಲ್ಲ ಕೆಲವೇ ದೊಡ್ಡ ಕಂಪನಿಗಳು ಕೊಂಡಿವೆ. 2004ರ ಏಪ್ರಿಲ್‌ನಲ್ಲಿ ಟೆಡ್ ಕಾಪೆಲ್ 'ನೈಟ್‌ಲೈನ್' ಕಾರ್ಯಕ್ರಮದಲ್ಲಿ ಇರಾಕ್‌ನಲ್ಲಿ ಸತ್ತ ಅಮೆರಿಕನ್ ಸೈನಿಕರ ಹೆಸರುಗಳನ್ನು ಓದಿದಾಗ, ಸಿಂಕ್ಲೇರ್ ಕಂಪನಿ ತನ್ನ ಎಬಿಸಿ ಸ್ಟೇಷನ್‌ಗಳಿಗೆಲ್ಲ ಅದನ್ನು ಹಾಕಬೇಡಿ ಅಂತ ಒಂದೇ ಆದೇಶ ಕೊಟ್ಟಿತು. ಯಾವ ಊರಿನಿಂದ ಎಷ್ಟು ಮಕ್ಕಳು ಸತ್ತಿದ್ದರೋ, ಊರನ್ನು ಕೇಳಿದವರು ಯಾರು? ಕಿಮ್ಮೆಲ್ ವಿಷಯದಲ್ಲೂ ಅಷ್ಟೇ. ಚಾರ್ಲಿ ಕರ್ಕ್ ಹತ್ಯೆಯ ನಂತರ ಕಿಮ್ಮೆಲ್ ಆಡಿದ ಮಾತಿಗೆ ಎಫ್‌ಸಿಸಿ ಅಧ್ಯಕ್ಷರೇ ಬಹಿರಂಗವಾಗಿ ಎಚ್ಚರಿಕೆ ಕೊಟ್ಟಿದ್ದರು. ನೆಕ್ಸ್‌ಸ್ಟಾರ್, ಸಿಂಕ್ಲೇರ್ ಎರಡೇ ಕಂಪನಿಗಳ ತೀರ್ಮಾನಕ್ಕೆ ಸುಮಾರು 70 ಸ್ಟೇಷನ್‌ಗಳಲ್ಲಿ ಶೋ ನಿಂತಿತು. ಆ ಹೊತ್ತಿಗೆ ನೆಕ್ಸ್‌ಸ್ಟಾರ್, ಟೆಗ್ನಾ ಅನ್ನೋ ಇನ್ನೊಂದು ಕಂಪನಿಯನ್ನು 620 ಕೋಟಿ ಡಾಲರ್‌ಗೆ ಕೊಳ್ಳೋಕೆ ಅದೇ ಎಫ್‌ಸಿಸಿಯ ಒಪ್ಪಿಗೆ ಕಾಯುತ್ತಿತ್ತು. ತೀರ್ಮಾನ ತಮ್ಮದೇ ಅಂತ ಕಂಪನಿಗಳು ಹೇಳಿದವು. ಸೆಪ್ಟೆಂಬರ್ 26ಕ್ಕೆ ಶೋ ಎಲ್ಲ ಕಡೆ ವಾಪಸ್ ಬಂತು. ಎಪ್ಪತ್ತು ಊರುಗಳ ಮನಸ್ಸು ಕೆಲವೇ ದಿನಗಳಲ್ಲಿ ಎರಡು ಸಲ ಒಟ್ಟಿಗೆ ಬದಲಾಗುತ್ತಾ?

ನೆಟ್‌ವರ್ಕ್ ಹೇಳಿದ್ದೇ ಕೊನೆ ಆಗಲಿ ಅಂತ ನಾನು ಹೇಳ್ತಿಲ್ಲ. ದೂರದರ್ಶನದ ಕಾಲದಲ್ಲಿ ಕನ್ನಡ ಕಾರ್ಯಕ್ರಮಕ್ಕೆ ಎಷ್ಟು ಹೊತ್ತು ಅಂತ ದೆಹಲಿ ನಿರ್ಧರಿಸುತ್ತಿದ್ದುದನ್ನು ನಮ್ಮಪ್ಪ ಇವತ್ತಿಗೂ ಸಿಟ್ಟಿನಿಂದಲೇ ಹೇಳ್ತಾರೆ. ಊರಿಗೆ ಅಧಿಕಾರ ಬೇಕೇ ಬೇಕು. ಆದರೆ ಊರಿನ ಹೆಸರಲ್ಲಿ ಯಾರಾದರೂ 'ಬೇಡ' ಅಂದಾಗ ನಾನು ಈಗ ಎರಡು ವಿಷಯ ನೋಡ್ತೀನಿ. ಹೇಳಿದವರು ಆ ಊರಲ್ಲಿದ್ದಾರಾ? ಬೇಕು ಅನ್ನೋರಿಗೆ ಎದುರು ಮಾತಾಡೋಕೆ ದಾರಿ ಇದೆಯಾ? ಡಲ್ಲಾಸ್‌ನ ಹವಾಮಾನದವನು ಮೊದಲನೆಯದರಲ್ಲಿ ಪಾಸ್. ಜ್ಯಾಕ್ಸನ್‌ನ ಜನ ಎರಡನೆಯದನ್ನು ಪಡೆಯೋಕೆ ವರ್ಷಗಟ್ಟಲೆ ಕೋರ್ಟ್ ಮೆಟ್ಟಿಲು ಹತ್ತಬೇಕಾಯ್ತು.